ನಿಕಾಹ್‌ನ ದಿನ ಕೇಳಿದ ನೇರ ಮಾತು, ವೀಸಾ ಸಂದರ್ಶನದಲ್ಲೂ ಇರಲಿ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ. ಸಹೋದರರೇ, ಮೊದಲು ನನಗೂ ಬಳಿಕ ನಿಮಗೂ ತಕ್ವಾದ ಉಪದೇಶ ಮಾಡುತ್ತೇನೆ.

ನಿಕಾಹ್‌ನ ಖುತ್ಬಾದಲ್ಲಿ ಸಾಮಾನ್ಯವಾಗಿ ಓದುವ ಸೂಕ್ತಗಳಲ್ಲಿ ಸೂರಾ ಅಲ್ ಅಹ್‌ಝಾಬ್‌ನ 70ನೆಯದೂ ಒಂದು. ಅಲ್ಲಾಹನನ್ನು ಭಯಪಡಿರಿ, ನೇರವಾದ ಮಾತನ್ನೇ ಆಡಿರಿ ಎಂಬುದು ಅದರ ಆದೇಶ. ಮದುವೆಯ ದಿನವೇ ಮಾತಿನ ಬಗ್ಗೆ ಎಚ್ಚರಿಸುವುದೇಕೆ? ಸಂಸಾರ ನಿಲ್ಲುವುದು ಮಾತಿನ ಮೇಲೆ. ಮಾತು ಸೊಟ್ಟಗಾದರೆ ಮನೆಯೂ ಸೊಟ್ಟಗಾಗುತ್ತದೆ.

ಇಂದು ನಮ್ಮ ಕೆಲವು ಹೆಣ್ಣುಮಕ್ಕಳ ನಿಕಾಹ್ ಅಮೆರಿಕದಲ್ಲಿ ನೆಲೆಸಿರುವ ಹುಡುಗರೊಂದಿಗೆ ಆಗುತ್ತಿದೆ. ನಿಕಾಹ್ ಮುಗಿಸಿ ಹುಡುಗ ಹಿಂದಿರುಗುತ್ತಾನೆ. ಹುಡುಗಿ ತಾಯಿಯ ಮನೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ ವೀಸಾಕ್ಕಾಗಿ ಕಾಯುತ್ತಾಳೆ. ಕೊನೆಗೆ ವೈದ್ಯಕೀಯ ತಪಾಸಣೆ, ಮುಂಬೈಯ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸಂದರ್ಶನ. ಈ ಎರಡು ದಿನಗಳ ಭಯಕ್ಕೆ ಸಿಕ್ಕಿ ಒಳ್ಳೆಯ ಮನೆತನದವರೂ ಸುಳ್ಳಿನ ಕಡೆಗೆ ವಾಲುವುದುಂಟು. ನಿಕಾಹ್‌ನ ದಿನ ಕೇಳಿದ ಆದೇಶ ಈ ದಿನಗಳಿಗೂ ಅನ್ವಯಿಸುತ್ತದೆ ಎಂಬುದೇ ಇಂದಿನ ಮಾತು.

ಅಧಿಕಾರಿ ತಿಳಿಯಬಯಸುವುದು ಮುಖ್ಯವಾಗಿ ಒಂದೇ: ಈ ಮದುವೆ ನಿಜವೇ, ಅಥವಾ ವೀಸಾಕ್ಕಾಗಿ ಮಾಡಿದ್ದೇ? ಸಂಬಂಧ ಯಾರ ಮೂಲಕ ಬಂತು, ನಿಕಾಹ್ ಎಲ್ಲಿ ಆಯಿತು, ಗಂಡನ ಉದ್ಯೋಗವೇನು, ಅವನೊಂದಿಗೆ ಮನೆಯಲ್ಲಿ ಯಾರಿದ್ದಾರೆ, ಇಬ್ಬರಲ್ಲಿ ಯಾರಿಗಾದರೂ ಮೊದಲು ಮದುವೆಯಾಗಿತ್ತೇ ಎಂಬಂಥ ಪ್ರಶ್ನೆಗಳು ಬರುತ್ತವೆ. ನಿಜವಾಗಿ ಸಂಸಾರ ಹೂಡಿದವಳಿಗೆ ಇದರಲ್ಲಿ ಬಾಯಿಪಾಠ ಮಾಡಬೇಕಾದದ್ದು ಏನೂ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಎನ್ನಲಿ. ಅದು ಅವಮಾನವಲ್ಲ.

ಆದರೆ ನಾವು ಏನು ಮಾಡುತ್ತೇವೆ? ಹಿರಿಯರು ನೋಡಿ ಮಾಡಿದ ಸಂಬಂಧ ಎಂದರೆ ಸಂಶಯ ಪಡುತ್ತಾರೆಂದು ಪ್ರೇಮದ ಕಥೆ ಕಟ್ಟುತ್ತೇವೆ. ಹುಡುಗನ ಮೊದಲ ಮದುವೆ, ತಲಾಕ್‌ನ ವಿಷಯ ಮುಚ್ಚಿಡುತ್ತೇವೆ. ಏಜೆಂಟ್ ಬರೆದುಕೊಟ್ಟ ಉತ್ತರಗಳನ್ನು ಮಗಳ ಬಾಯಿಗೆ ತುರುಕುತ್ತೇವೆ. ಸಹೋದರರೇ, ಮನೆಯವರು ಮಾಡಿದ ಸಂಬಂಧ ನಾಚಿಕೆಯ ವಿಷಯವಲ್ಲ. ತಲಾಕ್ ಆಗಿದ್ದರೆ ಅದರ ಕಾನೂನುಬದ್ಧ ದಾಖಲೆ ತೋರಿಸಿದರಾಯಿತು. ವೀಸಾಕ್ಕಾಗಿ ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದ್ದು ಸಾಬೀತಾದರೆ, ಅಮೆರಿಕದ ಕಾನೂನಿನಂತೆ ಅದು ಜೀವಮಾನದ ತಡೆಯಾಗಬಹುದು. ವಿಶೇಷ ವಿನಾಯಿತಿ ಸಿಕ್ಕಿದರೆ ಮಾತ್ರ ಬಿಡುಗಡೆ. ಇದು ಇಹದ ನಷ್ಟ. ಸತ್ಯವು ಒಳಿತಿನ ಕಡೆಗೂ ಒಳಿತು ಸ್ವರ್ಗದ ಕಡೆಗೂ ಒಯ್ಯುತ್ತದೆ, ಸುಳ್ಳು ಕೆಡುಕಿನ ಕಡೆಗೂ ಕೆಡುಕು ನರಕದ ಕಡೆಗೂ ಎಳೆಯುತ್ತದೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ನೇರ ಮಾತಿನೊಂದಿಗೆ ನೇರ ದಾಖಲೆಯೂ ಬೇಕು. ಜಮಾಅತಿನ ನಿಕಾಹ್ ಪುಸ್ತಕದ ಪ್ರತಿಯೊಂದನ್ನೇ ನಂಬಿ ಕೂರಬೇಡಿ. ಕರ್ನಾಟಕದ 1976ರ ವಿವಾಹ ನೋಂದಣಿ ಕಾಯ್ದೆಯಂತೆ ಸರಕಾರಿ ನೋಂದಣಿಯನ್ನು ಆದಷ್ಟು ಬೇಗ ಮಾಡಿಸಿ. ನಮ್ಮಲ್ಲಿ ಒಬ್ಬಳದೇ ಹೆಸರು ಜನನ ಪ್ರಮಾಣಪತ್ರದಲ್ಲಿ ಒಂದು ತೆರ, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ತೆರ, ನಿಕಾಹ್ ಪುಸ್ತಕದಲ್ಲಿ ಮತ್ತೊಂದು ತೆರ ಇರುತ್ತದೆ. ಇದನ್ನು ಸಂದರ್ಶನದ ಹಿಂದಿನ ವಾರ ನೋಡುವುದಲ್ಲ, ಅರ್ಜಿ ಹಾಕುವ ಮೊದಲೇ ಸರಿಪಡಿಸಬೇಕು. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಬೇಕಾಗುತ್ತದೆ. ಹುಡುಗಿ 16 ವರ್ಷ ತುಂಬಿದ ಮೇಲೆ ಗಲ್ಫ್‌ನಲ್ಲಿ ಒಂದು ವರ್ಷ ಅಥವಾ ಹೆಚ್ಚು ಕಾಲ ಇದ್ದಿದ್ದರೆ, ಸಾಮಾನ್ಯವಾಗಿ ಆ ದೇಶದ ಪೊಲೀಸ್ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಮದುವೆಯಲ್ಲಿ ಫೋಟೋ ತೆಗೆಸದ ಮನೆಗಳೂ ಇವೆ. ಅಂಥವರು ಗಂಡ ಬಂದುಹೋದ ಪ್ರಯಾಣದ ಟಿಕೆಟು, ಕಳಿಸಿದ ಹಣದ ರಶೀದಿ, ಮಾತುಕತೆಯ ದಾಖಲೆಗಳನ್ನು ಜೋಪಾನವಾಗಿಡಲಿ. ವೀಸಾ ಫೋಟೋದಲ್ಲಿ ಧಾರ್ಮಿಕ ಕಾರಣಕ್ಕಾಗಿ ದಿನವೂ ಧರಿಸುವ ತಲೆವಸ್ತ್ರಕ್ಕೆ ಅವಕಾಶವಿದೆ. ಮುಖ ಮಾತ್ರ ಪೂರ್ತಿ ಕಾಣಬೇಕು.

ಇನ್ನು ವೈದ್ಯಕೀಯ ತಪಾಸಣೆ. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿನಲ್ಲಿ ಅದು ಬಂದರೆ ಹೊರಬರಬೇಡಿ ಎಂದು ಕಲಿಸಿದವರು ನಮ್ಮ ಪ್ರವಾದಿ(ಸ). ಪ್ರಯಾಣಕ್ಕೆ ಮುನ್ನ ಆರೋಗ್ಯ ನೋಡುವುದು ನಮಗೆ ಪರಕೀಯ ವಿಚಾರವೇನಲ್ಲ. ಈ ತಪಾಸಣೆಯನ್ನು ಯಾವ ವೈದ್ಯರೂ ಮಾಡುವಂತಿಲ್ಲ, ಕಾನ್ಸುಲೇಟ್ ನೇಮಿಸಿದ ಪ್ಯಾನೆಲ್ ವೈದ್ಯರೇ ಮಾಡಬೇಕು, ಅದೂ ಸಂದರ್ಶನಕ್ಕೆ ಮೊದಲು. ದೇಹಪರೀಕ್ಷೆ, ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ ಇರುತ್ತವೆ. ಹಾಕಿಸಿಕೊಂಡ ಲಸಿಕೆಗಳ ದಾಖಲೆ ಒಯ್ಯಬೇಕು. ಬಾಕಿ ಇದ್ದವನ್ನು ಅಲ್ಲಿ ಹೇಳುತ್ತಾರೆ. ವರದಿಗೆ ಸಾಮಾನ್ಯವಾಗಿ 6 ತಿಂಗಳ ಅವಧಿ ಇರುವುದರಿಂದ ವರ್ಷದ ಮೊದಲೇ ಮಾಡಿಸಿ ಪ್ರಯೋಜನವಿಲ್ಲ. ಮೊಹರು ಹಾಕಿದ ಲಕೋಟೆ ಕೊಟ್ಟರೆ ಅದು ಅಮಾನತ್. ತೆರೆಯಬಾರದು.

ಹೆಣ್ಣುಮಗಳು ವೈದ್ಯೆಯನ್ನು, ಅಥವಾ ಪರೀಕ್ಷೆಯ ವೇಳೆ ಜೊತೆಗೆ ಮಹಿಳಾ ಸಿಬ್ಬಂದಿಯನ್ನು ಕೇಳಬಹುದು. ಸಮಯ ಗೊತ್ತು ಮಾಡುವಾಗಲೇ ಕೇಳಿ. ಗರ್ಭಿಣಿಯಾಗಿದ್ದರೆ, ಅಥವಾ ಇರಬಹುದೆಂಬ ಅನುಮಾನವಿದ್ದರೆ, ಎಕ್ಸ್‌ರೇಗೂ ಲಸಿಕೆಗೂ ಮೊದಲು ಹೇಳಲೇಬೇಕು. ಕೆಲವು ಲಸಿಕೆಗಳನ್ನು ಗರ್ಭಿಣಿಯರಿಗೆ ಕೊಡುವಂತಿಲ್ಲ. ಇಲ್ಲಿ ನಾಚಿ ಸುಮ್ಮನಿದ್ದರೆ ಅದರ ಅಪಾಯ ಮಗುವಿಗೆ.

ನಾವು ಹೆಚ್ಚು ಮುಚ್ಚಿಡುವುದು ಕ್ಷಯವನ್ನು. ಬಾಲ್ಯದಲ್ಲಿ ಟಿ.ಬಿ. ಆಗಿ ಗುಣವಾದ ಹುಡುಗಿಗೆ, ಬಾಯಿ ಬಿಡಬೇಡ ಎಂದು ಮನೆಯವರೇ ಹೇಳಿ ಕಳಿಸುತ್ತಾರೆ. ಎಕ್ಸ್‌ರೇಯಲ್ಲಿ ಹಳೆಯ ಕಲೆ ಕಂಡರೆ ಆಗ ಅವಳ ಗತಿ ಏನು? ಹಳೆಯ ಚಿಕಿತ್ಸೆಯ ಕಾರ್ಡು, ಹಳೆಯ ಎಕ್ಸ್‌ರೇ ಕೈಯಲ್ಲಿಟ್ಟು ಇದ್ದದ್ದನ್ನು ಇದ್ದಂತೆ ಹೇಳಲಿ. ಸಂಶಯ ಬಂದರೆ ಮೂರು ದಿನ ಕಫದ ಮಾದರಿ ಪಡೆಯುತ್ತಾರೆ. ಕಲ್ಚರ್ ಪರೀಕ್ಷೆಯ ಫಲಿತಾಂಶಕ್ಕೆ 8 ವಾರ ಬೇಕಾಗಬಹುದು. ರೋಗ ಇರುವುದೇ ಖಚಿತವಾದರೆ ಪ್ಯಾನೆಲ್ ವೈದ್ಯರು ಸೂಚಿಸಿದ ಕಡೆಯೇ ಚಿಕಿತ್ಸೆ ಪೂರೈಸಬೇಕು. ತಡವಾಗುತ್ತದೆ, ನಿಜ. ಬಾಗಿಲು ಮುಚ್ಚುವುದಿಲ್ಲ. ಚಿಕಿತ್ಸೆ ಪಡೆಯಿರಿ, ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ ಎಂಬುದು ಪ್ರವಾದಿ ವಚನದ ಸಾರ. ಮಾವನ ಮನೆಯವರೇ, ಆ ದಿನಗಳಲ್ಲಿ ಸೊಸೆಯನ್ನು ರೋಗಿಷ್ಟೆ ಎಂದು ಹಂಗಿಸಬೇಡಿ. ಕಾಯಿಲೆ ಪರೀಕ್ಷೆ ಮಾತ್ರ, ಹಂಗಿಸುವುದು ಪಾಪ.

ಗಂಡಂದಿರಿಗೂ ಒಂದು ಮಾತು. ನೀವು ಸಹಿ ಹಾಕುವ ಐ-864 ಎಂಬ ಬೆಂಬಲದ ಪ್ರಮಾಣಪತ್ರ ಬರಿಯ ಕಾಗದವಲ್ಲ. ಹೆಂಡತಿಯ ಜೀವನಾಧಾರಕ್ಕೆ ನಾನು ಹೊಣೆ ಎಂದು ಕಾನೂನಿನ ಮುಂದೆ ಕೊಡುವ ಮಾತು ಅದು. ತಲಾಕ್ ಆದರೂ ಆ ಹೊಣೆ ತಾನಾಗಿ ಮುಗಿಯುವುದಿಲ್ಲ. ನಿಮ್ಮ ಆದಾಯ ಸಾಲದೆ ಬೇರೊಬ್ಬರು ಜಂಟಿಯಾಗಿ ಸಹಿ ಹಾಕಿದರೆ ಅವರ ಮೇಲೂ ಅದೇ ಭಾರ. ಅವರಿಗೆ ಬಿಡಿಸಿ ಹೇಳಿಯೇ ಸಹಿ ಪಡೆಯಿರಿ. ಹೆಂಡತಿಯ ಜೀವನಾಂಶ ಗಂಡನ ಕರ್ತವ್ಯ ಎಂದು ಶರೀಅತ್ ಮೊದಲೇ ಹೇಳಿದೆ. ನಿಮ್ಮ ಕೆಲಸ, ಸಂಬಳ, ಸಾಲ, ಹಿಂದಿನ ಸಂಬಂಧಗಳನ್ನು ಅವಳಿಗೆ ಮೊದಲೇ ತಿಳಿಸಿ. ಗಂಡನ ಮನೆಯ ಸತ್ಯವನ್ನು ಹೆಂಡತಿ ಅಧಿಕಾರಿಯ ಬಾಯಿಂದ ಮೊದಲ ಬಾರಿ ಕೇಳುವಂತಾದರೆ ಅದಕ್ಕಿಂತ ದೊಡ್ಡ ಅನ್ಯಾಯ ಯಾವುದು?

ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡು ಎಂದು ಪ್ರವಾದಿ(ಸ) ಹೇಳಿದ್ದನ್ನು ತಿರ್ಮಿದಿ ವರದಿ ಮಾಡಿದ್ದಾರೆ. ಕಾಗದಪತ್ರ ಸರಿಪಡಿಸುವುದು ಒಂಟೆ ಕಟ್ಟುವುದು. ಬಳಿಕ ತವಕ್ಕುಲ್. ವೀಸಾ ಕೈಗೆ ಬರುವ ಮೊದಲು ಟಿಕೆಟ್ ಮಾಡಬೇಡಿ, ಇದ್ದ ಕೆಲಸ ಬಿಡಬೇಡಿ. ಇನ್ನೊಂದು ದಾಖಲೆ ತನ್ನಿ ಎಂದು ತಡೆಹಿಡಿದರೆ ಎಲ್ಲ ಮುಗಿಯಿತೆಂದು ಅಳುವುದು ಬೇಡ, ಆ ದಾಖಲೆ ಒದಗಿಸಿ. ಫಿರ್‌ಔನನ ಮುಂದೆ ನಿಲ್ಲಬೇಕಾದಾಗ ಮೂಸಾ(ಅ)ರು, ಎದೆಯನ್ನು ವಿಶಾಲಗೊಳಿಸು, ನಾಲಗೆಯ ಗಂಟನ್ನು ಬಿಡಿಸು ಎಂದು ಬೇಡಿದ ದುಆ ಸೂರಾ ತಾಹಾದ 25ರಿಂದ 28ನೇ ಸೂಕ್ತಗಳಲ್ಲಿದೆ. ಅದನ್ನು ಹೆಣ್ಣುಮಕ್ಕಳಿಗೆ ಕಲಿಸಿ. ಏಜೆಂಟನ ಉತ್ತರಗಳಿಗಿಂತ ಅದು ಅವರಿಗೆ ಹೆಚ್ಚು ಧೈರ್ಯ ಕೊಡುತ್ತದೆ.

ಅಲ್ಲಾಹನು ದೂರವಾಗಿರುವ ದಂಪತಿಗಳನ್ನು ಕ್ಷೇಮವಾಗಿ ಒಂದುಗೂಡಿಸಲಿ. ನಮ್ಮ ನಾಲಗೆಗಳನ್ನು ಸತ್ಯದ ಮೇಲೆ ನಿಲ್ಲಿಸಲಿ. ಆಮೀನ್.