ಉದ್ಯೋಗದಲ್ಲಿ ನಮ್ಮ ಹೊಣೆ



ಬಡ್ತಿ ದೊರೆಯಲಿಲ್ಲವೆಂದು ನಾವು ಮೇಲಧಿಕಾರಿಗಳನ್ನು ದೂರುತ್ತೇವೆ. ಪಕ್ಷಪಾತವೇ ಇಲ್ಲವೆಂದಲ್ಲ, ಆದರೆ ನಮಗಿತ್ತ ತಲಾಂತನ್ನು ನಾವೇನು ಮಾಡಿದೆವು? ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಐದನ್ನು ಹತ್ತಾಗಿಸಿದವನಿಗೂ ಎರಡನ್ನು ನಾಲ್ಕಾಗಿಸಿದವನಿಗೂ ದೊರೆತ ಮೆಚ್ಚುಗೆ ಒಂದೇ. ಒಂದನ್ನು ಹೂತಿಟ್ಟವನು ಕಳ್ಳನಲ್ಲ. ದಣಿಯು ಕಠಿಣನೆಂದು ಅಂಜಿ ಕೈಕಟ್ಟಿ ಕುಳಿತವನು. ನಮ್ಮ ನೆಪವೂ ಅದೇ ಅಲ್ಲವೇ?

ಯಾವ ದುಡಿಮೆಗೂ ಬೆಲೆ ಬರುವುದು ದುಡಿಯುವ ಮನುಷ್ಯನಿಂದಲೇ ಎಂದು ಪೋಪ್ ಎರಡನೆಯ ಜಾನ್ ಪೌಲರು 1981ರ ತಮ್ಮ ವಿಶ್ವಪರಿಪತ್ರದಲ್ಲಿ ಬೋಧಿಸಿದರು. ಹಾಗಿದ್ದಲ್ಲಿ ದುಡಿಯುವವನು ಬೆಳೆಯುವುದು ದುರಾಸೆಯಲ್ಲ, ಕರ್ತವ್ಯ. ಗುಮಾಸ್ತರಾದ ನಾವು ಲೆಕ್ಕಪತ್ರವನ್ನೂ ಕಲಿಯೋಣ. ನಮ್ಮ ತಪ್ಪನ್ನು ತಿದ್ದಬಲ್ಲ ಹಿರಿಯರನ್ನು ನಾವೇ ಅರಸಿ ಹೋಗೋಣ. ಕಲಿತುದನ್ನು ಕಿರಿಯರಿಗೆ ಧಾರೆಯೆರೆಯೋಣ. ಆದರೆ ಇನ್ನೊಬ್ಬರನ್ನು ತುಳಿದು ಏರುವುದು ಬೇಡ. ನಜರೇತಿನ ಬಡಗಿಯಾದ ಸಂತ ಜೋಸೆಫರು ನಮಗಾಗಿ ಪ್ರಾರ್ಥಿಸಲಿ.