ಮಲಗಿದವರ ಬೆನ್ನು ನೋಡೋಣ



ಶುಕ್ರವಾರ ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿ ಮುಂದೆ ಸಾಲು ನಿಲ್ತೀವಿ. ಒಂದು ಕಾಲು ನೊಂದರೆ ಇನ್ನೊಂದು ಕಾಲಿಗೆ ಭಾರ ಹಾಕ್ತೀವಿ. ಆಪರೇಷನ್ ಮೇಜಿನ ಮೇಲೆ ಮಲಗಿದವರಿಗೆ ಹಾಗೆ ಮಾಡಲು ಆಗದು. ಮತ್ತಿನ ಇಂಜೆಕ್ಷನ್ ಕೊಟ್ಟಿರ್ತಾರೆ. ನೋವು ತಿಳಿಯದು. ಹಿಮ್ಮಡಿ, ಸೊಂಟ, ಬೆನ್ನು ಒಂದೇ ಕಡೆ ಒತ್ತುತ್ತವೆ. ಅಲ್ಲಿ ರಕ್ತ ಓಡದೆ ಚರ್ಮ ಕೆಡುತ್ತದೆ. ಅದೇ ಹಾಸಿಗೆ ಹುಣ್ಣು. ವಾಸಿಯಾಗಲು ತಿಂಗಳುಗಟ್ಟಲೆ ಬೇಕಾಗಬಹುದು.

ತಡೆಯುವುದು ಹೇಗೆ?

ಸಕ್ಕರೆ ಕಾಯಿಲೆ, ಹಳೆ ಗಾಯ ಇದ್ದರೆ ಆಪರೇಷನ್‌ಗೆ ಮೊದಲೇ ನರ್ಸಮ್ಮನಿಗೆ ಹೇಳೋಣ. ಮೂಳೆ ಒತ್ತುವ ಕಡೆ ಅವರು ಮೆತ್ತೆ ಇಡ್ತಾರೆ.

ವಾರ್ಡಿಗೆ ಬಂದ ಮೇಲೆ ಬೆನ್ನು, ಹಿಮ್ಮಡಿ ನೋಡೋಣ. ಕೆಂಪು ಅಥವಾ ಕಪ್ಪು ಕಲೆ ಇದೆಯೇ? ಬೆರಳಿಂದ ಒತ್ತಿದರೂ ಹೋಗದೇ? ಕೂಡಲೇ ಹೇಳೋಣ. ಅದನ್ನು ತಿಕ್ಕಬಾರದು.

ನರ್ಸಮ್ಮನ ಕೇಳಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸೋಣ. ಹಾಸಿಗೆ ಒದ್ದೆಯಾಗದಂತೆ, ಸುಕ್ಕಾಗದಂತೆ ನೋಡೋಣ.