‘ನಾಳೆ ಬಾ’ ಅಂದ್ರೆ ಹೋಗೋ ಜ್ವರ ಅಲ್ಲ ಇದು



ಇವತ್ತು ಅಕ್ಟೋಬರ್ 5, ವಿಶ್ವ ಮೆನಿಂಜೈಟಿಸ್ ದಿನ. ಬೆಳಗ್ಗೆ ನಮ್ಮ ಡೆಸ್ಕ್‌ನಲ್ಲಿ ಈ ಸುದ್ದಿಗೆ ಸಿಕ್ಕಿದ್ದು ಪರದೆಯ ಕೆಳಗೆ ಓಡುವ ಒಂದು ಸಾಲು, ಅಷ್ಟೇ. ನನಗೆ ಐದು ನಿಮಿಷ ಕೊಡಿ ಅಂತ ಕೇಳಿ ತಗೊಂಡೆ. ಯಾಕಂದ್ರೆ ಈ ಕಾಯಿಲೆಯನ್ನ ನಾನು ನನ್ನ ರೂಮಿನಲ್ಲೇ ನೋಡಿದ್ದೇನೆ.

ಇಂಜಿನಿಯರಿಂಗ್ ಮೂರನೇ ವರ್ಷ. ಹಾಸ್ಟೆಲ್. ಇಂಟರ್ನಲ್ಸ್ ನಡೀತಾ ಇದ್ವು. ಸಂಜೆ ನನ್ನ ರೂಮ್‌ಮೇಟ್‌ಗೆ ಜ್ವರ ಬಂತು, ಜೊತೆಗೆ ತಲೆನೋವು. ಪ್ಯಾರಾಸಿಟಮಾಲ್ ಕೊಟ್ವಿ. ಎರಡು ಸಲ ವಾಂತಿ ಮಾಡಿದ. ಮೆಸ್ ಊಟದ ಮೇಲೆ ತಪ್ಪು ಹಾಕಿದ್ವಿ. ‘ಲೈಟ್ ಆಫ್ ಮಾಡ್ರೋ, ಕಣ್ಣಿಗೆ ಚುಚ್ತಾ ಇದೆ’ ಅಂತ ಬೈತಿದ್ದ. ಓದೋದು ತಪ್ಪಿಸಿಕೊಳ್ಳೋಕೆ ನಾಟಕ ಅಂತ ನಕ್ಕಿದ್ವಿ. ರಾತ್ರಿ ಒಂಬತ್ತು ಗಂಟೆಗೆ, ‘ಬೆಳಗ್ಗೆ ನೋಡೋಣ ಬಿಡೋ’ ಅಂದವನು ನಾನೇ.

ಮೂರು ಗಂಟೆಗೆ ಅವನು ನನ್ನನ್ನ ಅವನ ತಮ್ಮನ ಹೆಸರಿಂದ ಕರೀತಾ ಇದ್ದ. ಎತ್ತಿ ಆಟೋಗೆ ಹಾಕುವಾಗ ಕುತ್ತಿಗೆ ಬಗ್ಗಲೇ ಇಲ್ಲ. ಮರದ ಕೊರಡಿನ ಹಾಗೆ ಸೆಟೆದಿತ್ತು.

ಆಸ್ಪತ್ರೆಯಲ್ಲಿ, ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಬೇಕು ಅಂದ್ರು. ಊರಲ್ಲಿದ್ದ ಅವರ ತಂದೆ ಫೋನಲ್ಲಿ ಅತ್ತರು. ‘ಬೆನ್ನಿಗೆ ಸೂಜಿ ಹಾಕಿದ್ರೆ ಹುಡುಗ ಎದ್ದು ಓಡಾಡಲ್ಲ ಅಂತಾರೆ ಸಾರ್, ಬೇಡ.’ ಡಾಕ್ಟರ್ ಸಿಟ್ಟಾಗಲಿಲ್ಲ. ‘ಯಜಮಾನ್ರೇ, ಬೆನ್ನುಹುರಿ ಮುಗಿದ ಮೇಲೆ, ಅದಕ್ಕಿಂತ ಕೆಳಗೆ ಸೂಜಿ ಹಾಕೋದು. ಅದರಿಂದ ಕಾಲು ಹೋಗಲ್ಲ. ಯಾವ ರೋಗಾಣು ಅಂತ ಗೊತ್ತಾಗೋದು ಅದರಿಂದಲೇ’ ಅಂದ್ರು. ಅವರು ಒಪ್ಪಿದರು. ಹುಡುಗ ಬದುಕಿದ. ಆದರೆ ಎಡಗಿವಿ ಕೇಳಲ್ಲ. ಇವತ್ತಿಗೂ ಭೇಟಿಯಾದಾಗ ನಾನು ಅವನ ಬಲಗಡೆ ಕೂರ್ತೀನಿ. ಒಂಬತ್ತರಿಂದ ಮೂರು, ಆರು ಗಂಟೆ. ಆ ಲೆಕ್ಕ ನನ್ನ ತಲೆಯಲ್ಲಿ ಇನ್ನೂ ತೀರಿಲ್ಲ.

ಏನಿದು ಮೆನಿಂಜೈಟಿಸ್? ನಮ್ಮ ಮೆದುಳು, ಬೆನ್ನುಹುರಿಯ ಸುತ್ತ ತೆಳುವಾದ ಪೊರೆ ಇದೆ. ಆ ಪೊರೆಗೆ ಸೋಂಕು ತಗುಲಿ ಊದಿಕೊಳ್ಳೋದೇ ಈ ಕಾಯಿಲೆ. ವೈರಸ್‌ನಿಂದ ಬಂದರೆ ಸಾಮಾನ್ಯವಾಗಿ ಅಷ್ಟು ಗಂಭೀರವಲ್ಲ. ಬ್ಯಾಕ್ಟೀರಿಯಾದಿಂದ ಬಂದರೆ ಕಥೆಯೇ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಅಂಥ 6 ರೋಗಿಗಳಲ್ಲಿ ಒಬ್ಬರು ಸಾಯುತ್ತಾರೆ. ಬದುಕಿದ 5 ಜನರಲ್ಲಿ ಒಬ್ಬರಿಗೆ ಕಿವುಡು, ಫಿಟ್ಸ್, ಅಂಗವೈಕಲ್ಯದಂಥ ದೊಡ್ಡ ತೊಂದರೆ ಉಳಿಯುತ್ತದೆ. ಕೆಲವರಿಗೆ 24 ಗಂಟೆಯೂ ಸಿಗುವುದಿಲ್ಲ.

ಆದರೆ ನೋಡಿ, ಇದನ್ನ ತರುವ ಮುಖ್ಯ ಬ್ಯಾಕ್ಟೀರಿಯಾಗಳಿಗೆ ಲಸಿಕೆ ಇದೆ. ಅದರಲ್ಲಿ ಎರಡಕ್ಕೆ ಸರ್ಕಾರವೇ ಉಚಿತವಾಗಿ ಕೊಡುತ್ತದೆ. ನಿಮ್ಮ ಮನೆಯ ತಾಯಿ ಕಾರ್ಡ್ ತೆಗೆದು ನೋಡಿ. ಪೆಂಟಾವೇಲೆಂಟ್ ಅಂತ ಇದೆಯಲ್ಲ, 6, 10, 14ನೇ ವಾರದಲ್ಲಿ ಕೊಡೋದು? ಅದರೊಳಗೆ ಹಿಬ್ ಅನ್ನೋ ರೋಗಾಣುವಿನ ಲಸಿಕೆ ಸೇರಿದೆ. ಪಿಸಿವಿ ಇದೆಯಲ್ಲ, 6ನೇ ವಾರ, 14ನೇ ವಾರ, ಆಮೇಲೆ 9ನೇ ತಿಂಗಳು? ಅದು ನ್ಯುಮೋಕಾಕಸ್‌ಗೆ. 2021ರಿಂದ ಅದು ಇಡೀ ದೇಶಕ್ಕೆ ವಿಸ್ತರಣೆ ಆಗಿದೆ. ಹುಟ್ಟಿದ ಕೂಡಲೇ ಹಾಕುವ ಬಿಸಿಜಿ, ಕ್ಷಯದಿಂದ ಬರುವ ಮೆನಿಂಜೈಟಿಸ್ ವಿರುದ್ಧ ಮಗುವಿಗೆ ರಕ್ಷಣೆ.

ಹಾಗಿದ್ರೆ ತಪ್ಪೋದು ಎಲ್ಲಿ? ಮೊದಲ ಇಂಜೆಕ್ಷನ್‌ಗೆ ಮೈ ಬಿಸಿಯಾಯ್ತು, ‘ಮುಂದಿನ ಸಲ ಬೇಡ’ ಅಂತ ಅಜ್ಜಿ ಹೇಳ್ತಾರೆ. ಅಪ್ಪ ಅಮ್ಮ ಕೆಲಸಕ್ಕೆ ಬೆಂಗಳೂರಿಗೆ ಬರ್ತಾರೆ, ಕಾರ್ಡ್ ಊರಲ್ಲೇ ಉಳಿಯುತ್ತೆ. ಅಜ್ಜಿಗೆ ನಾನು ಕೈಮುಗಿದು ಹೇಳೋದು, ಆ ಸಣ್ಣ ಜ್ವರ ಒಂದೆರಡು ದಿನಕ್ಕೆ ಇಳಿಯುತ್ತೆ. ಊರು ಬಿಟ್ಟು ಬಂದವರಿಗೆ ಹೇಳೋದು, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಆಶಾ ಕಾರ್ಯಕರ್ತೆಯನ್ನ ಕೇಳಿ. ತಪ್ಪಿದ ಡೋಸ್ ಅಲ್ಲಿಂದಲೇ ಮುಂದುವರಿಸ್ತಾರೆ. ಮೊದಲಿಂದ ಶುರು ಮಾಡಬೇಕಿಲ್ಲ.

ಮೂರನೆಯದು ಮೆನಿಂಗೋಕಾಕಸ್. ಇದು ಆರೋಗ್ಯವಾಗಿರುವವರ ಮೂಗು, ಗಂಟಲಲ್ಲೂ ಸುಮ್ಮನೆ ಕೂತಿರುತ್ತದೆ, ಹದಿಹರೆಯದವರಲ್ಲಿ ಹೆಚ್ಚು. ಹಾಸ್ಟೆಲ್, ಬ್ಯಾರಕ್‌ನಂಥ ಇಕ್ಕಟ್ಟಿನ ಜಾಗದಲ್ಲಿ ಹರಡುತ್ತದೆ. 1966, 1985, ಮತ್ತೆ 2005ರಲ್ಲಿ ದೆಹಲಿ ಇದರ ಹೊಡೆತ ತಿಂದಿದೆ. ಅಮೆರಿಕದಲ್ಲಿ ವರ್ಷಗಳ ಕಾಲ 11-12ನೇ ವಯಸ್ಸಿಗೆ ಒಂದು, 16ಕ್ಕೆ ಇನ್ನೊಂದು ಡೋಸ್ ಹಾಕಿಸಿ ಅಂತಿದ್ದರು. ಬ್ರಿಟನ್‌ನಲ್ಲಿ ಸುಮಾರು 14ನೇ ವಯಸ್ಸಿಗೆ ಶಾಲೆಯಲ್ಲೇ ಹಾಕ್ತಾರೆ. ನಮ್ಮ ಉಚಿತ ಪಟ್ಟಿಯಲ್ಲಿ ಇದು ಇಲ್ಲ. ಹಜ್‌ಗೆ ಹೋಗುವವರಿಗೆ ಕಡ್ಡಾಯ. ಅಮೆರಿಕದ ಎಷ್ಟೋ ಯೂನಿವರ್ಸಿಟಿಗಳು ಹಾಸ್ಟೆಲ್ ಕೊಡುವ ಮುಂಚೆ ಸರ್ಟಿಫಿಕೇಟ್ ಕೇಳ್ತವೆ. ಆಗ ಓಡಿ ಹೋಗಿ ಹಾಕಿಸ್ತೀವಿ. ಮಗ ನಮ್ಮದೇ ಊರಿನ ಹಾಸ್ಟೆಲ್‌ಗೆ ಹೋಗುವಾಗ ಡಾಕ್ಟರ್‌ನ ಒಂದು ಮಾತು ಕೇಳಿದ್ದೀವಾ?

ಎಲ್ಲ ಮಕ್ಕಳಿಗೂ ನಾಳೆಯೇ ಹಾಕಿಸಿ ಅಂತ ನಾನು ಹೇಳ್ತಾ ಇಲ್ಲ. ಖಾಸಗಿಯಲ್ಲಿ ಸಾವಿರಾರು ರೂಪಾಯಿ ಆಗುತ್ತೆ. ಗುಲ್ಮ ತೆಗೆಸಿರುವ, ರೋಗನಿರೋಧಕ ಶಕ್ತಿ ಕಡಿಮೆ ಇರುವ ಮಕ್ಕಳಿಗೆ ಇದು ಮುಖ್ಯ. ಉಳಿದವರು ಮಕ್ಕಳ ಡಾಕ್ಟರ್‌ನ ಕೇಳಿ ತೀರ್ಮಾನಿಸಿ. ಕೇಳೋಕೆ ದುಡ್ಡು ಬೇಕಿಲ್ಲ.

ಲಸಿಕೆ ಕೆಲಸ ಮಾಡುತ್ತಾ ಅಂತೀರಾ? 1996-97ರಲ್ಲಿ ಆಫ್ರಿಕಾದಲ್ಲಿ ಇದೇ ಕಾಯಿಲೆಗೆ ಸುಮಾರು 25,000 ಜನ ಸತ್ತರು. 2010ರಲ್ಲಿ ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಲಸಿಕೆ ಅಲ್ಲಿಗೆ ಹೋಯಿತು. ಬೆಲೆ, ಡೋಸ್‌ಗೆ ಅರ್ಧ ಡಾಲರ್‌ಗಿಂತ ಕಮ್ಮಿ. ಆ ಸಾವುಗಳಿಗೆ ಮುಖ್ಯ ಕಾರಣವಾಗಿದ್ದ ‘ಎ’ ಗುಂಪಿನ ಮೆನಿಂಗೋಕಾಕಸ್ ಇವತ್ತು ಅಲ್ಲಿ ಹೆಚ್ಚುಕಡಿಮೆ ಮಾಯವಾಗಿದೆ.

ಲಸಿಕೆ ಹಾಕಿಸಿದ್ದರೂ ಎಚ್ಚರ ಬಿಡಬೇಡಿ. ಎಲ್ಲ ರೋಗಾಣುವಿಗೂ ಲಸಿಕೆ ಇಲ್ಲ. ಜ್ವರದ ಜೊತೆ ವಿಪರೀತ ತಲೆನೋವು, ವಾಂತಿ, ಬೆಳಕು ನೋಡಲಾಗದಿರೋದು, ಕುತ್ತಿಗೆ ಸೆಟೆಯೋದು, ಮಂಪರು, ತಡಬಡ ಮಾತು. ಎಳೆಗೂಸಾದರೆ ಹಾಲು ಬಿಡೋದು, ಕೀರಲು ಅಳು, ನೆತ್ತಿ ಉಬ್ಬೋದು. ಮೈಮೇಲೆ ಕೆಂಪು-ನೇರಳೆ ಚುಕ್ಕೆ ಬಂದರೆ ಗಾಜಿನ ಲೋಟ ಒತ್ತಿ ನೋಡಿ. ಮಾಸದಿದ್ದರೆ ಅಪಾಯ. ನಮ್ಮ ಬಣ್ಣದ ಚರ್ಮದಲ್ಲಿ ಚುಕ್ಕೆ ಬೇಗ ಕಾಣಲ್ಲ. ಅಂಗೈ, ಅಂಗಾಲು ನೋಡಿ. ಎಲ್ಲ ಲಕ್ಷಣವೂ ಬರಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ನಾನು ಚಿಕ್ಕವನಿದ್ದಾಗ ದೆವ್ವ ಬರುತ್ತೆ ಅಂತ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಾ ಇದ್ದರು. ಅದನ್ನ ಓದಿ ದೆವ್ವ ವಾಪಸ್ ಹೋಗ್ತಿತ್ತಂತೆ. ಈ ಕಾಯಿಲೆಗೆ ಓದೋಕೆ ಬರಲ್ಲ. ಇಂಜೆಕ್ಷನ್‌ಗೂ ‘ನಾಳೆ’ ಅನ್ನಬೇಡಿ, ಇಂಥ ಜ್ವರಕ್ಕೂ ‘ಬೆಳಗ್ಗೆ ನೋಡೋಣ’ ಅನ್ನಬೇಡಿ. ಒಂದು ಸಲ ಅಂದವನು ಹೇಳ್ತಾ ಇದ್ದೀನಿ.